ಆರು ಫೋನುಗಳ ಯಜಮಾನ

ಮುನಿರಾಜಣ್ಣನಿಗೆ ಸೀಲು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿ, ಮಾಮೂಲ್‌ಪೇಟೆಯ ಅಂಗಡಿಗಳ ತಕ್ಕಡಿಗಳಿಗೆ ಜೀವಮಾನವಿಡೀ ಸೀಲು ಹಾಕಿಕೊಂಡು ಬಂದ ಮನುಷ್ಯ, ನಿವೃತ್ತರಾದ ಮೇಲೆ ಕಣ್ಣಿಗೆ ಬಿದ್ದ ಸೀಲನ್ನೆಲ್ಲ ಒಡೆಯುವುದಕ್ಕೆ ನಿಂತರು. ಮದುವೆಯ ಊಟದಲ್ಲಿ ಎಲೆಯ ಪಕ್ಕ ಇಟ್ಟ ನೀರಿನ ಬಾಟಲಿಯನ್ನು, ಕುಡಿಯದಿದ್ದರೂ, ಒಮ್ಮೆ ತಿರುಚಿ ಇಡುತ್ತಿದ್ದರು. ಯಾರದೋ ಮನೆಯ ಮಿಕ್ಸಿಯ ತಳದಲ್ಲಿ 'ಈ ಚೀಟಿ ಹರಿದರೆ ವಾರಂಟಿ ಇರುವುದಿಲ್ಲ' ಎಂದು ಬರೆದಿದ್ದರೆ, ಮಿಕ್ಸಿ ಕೆಟ್ಟಿದೆಯೋ ಇಲ್ಲವೋ ಕೇಳುವ ಮೊದಲೇ ಆ ಚೀಟಿ ಅವರ ಉಗುರಿನಲ್ಲಿರುತ್ತಿತ್ತು. ಯಾಕೆ ಹೀಗೆ ಎಂದು ಕೇಳಿದರೆ ಒಂದೇ ಉತ್ತರ. "ಸೀಲ್ ಹಾಕಿದಾರೆ ಅಂದ್ರೆ ಒಳಗೆ ಏನೋ ಐತೆ ಅಂತ ಅರ್ಥ ಕಣಮ್ಮ. ಸರ್ವಿಸ್‌ನಲ್ಲಿ ನಾನು ಕಲ್ತಿದ್ದು ಇದೊಂದೇ."

ತ್ಯಾಗರಾಜನಗರದ ನಮ್ಮ ಅಡ್ಡರಸ್ತೆಯಲ್ಲಿ ಅವರದು ಮೂಲೆಮನೆ, ನಮ್ಮದು ಪಕ್ಕದ್ದು. ಮಗ ಸೊಸೆಯ ಜೊತೆ ಇದ್ದರು. ಹಾಲಿನಲ್ಲಿ ಬುದ್ಧನ ದೊಡ್ಡ ಪಟ, ಅದರ ಕೆಳಗೆ ಶಾಂತಿಯನ್ನೆಲ್ಲ ಕೆಡಿಸುವ ಹಾಗೆ ಹರಡಿಕೊಂಡ ಚಾರ್ಜರುಗಳು, ವೈರುಗಳು, ಹೊಟ್ಟೆ ಬಗೆಸಿಕೊಂಡು ಬಿದ್ದ ಹಳೆಯ ಫೋನುಗಳು. ಸಿಮ್ ತೆಗೆಯುವ ಪಿನ್ನನ್ನು, ದರ್ಜಿಗಳು ಸೂಜಿ ಸಿಕ್ಕಿಸಿಕೊಳ್ಳುವ ಹಾಗೆ, ಅಂಗಿಯ ಕಾಲರಿಗೆ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದರು. ಬೀದಿಯಲ್ಲಿ ಎದುರಾದರೆ ಮೊದಲು ನೋಡುತ್ತಿದ್ದದ್ದು ನಮ್ಮ ಮುಖವನ್ನಲ್ಲ, ಕೈಯಲ್ಲಿದ್ದ ಫೋನನ್ನು. ಆಮೇಲೆ ಪುರುಸೊತ್ತಾದರೆ "ಚೆನ್ನಾಗಿದೀಯಾ?" ಎನ್ನುವರು. ಆ ಪ್ರಶ್ನೆಯೂ ನನಗೋ ಫೋನಿಗೋ ಎಂದು ನನಗೆ ಎಷ್ಟೋ ಸಲ ಅನುಮಾನವಾಗಿದೆ.

ನಮ್ಮ ರಸ್ತೆಯಿಂದ ಬೆಳಗಿನ ವಾಕಿಂಗಿಗೆ ಹೋಗುವ ಆರು ಜನರ ಹತ್ತಿರ ಒಂದೇ ಮಾಡೆಲಿನ, ಒಂದೇ ಬಣ್ಣದ ಫೋನುಗಳಿದ್ದವು. ಅದೂ ಮುನಿರಾಜಣ್ಣನ ಕೃಪೆ. ಉಪ್ಪಾರಪೇಟೆಯಲ್ಲಿ ಯಾವುದೋ ಅಂಗಡಿ ಮುಚ್ಚುತ್ತಿದೆ ಎಂಬ ಸುದ್ದಿ ಹಿಡಿದು ತಂದು, ಮದುವೆಗೆ ಒಂದೇ ಥರದ ಸೀರೆ ತೆಗೆಸುವವರ ಹಾಗೆ ಎಲ್ಲರನ್ನೂ ಹೊರಡಿಸಿಕೊಂಡು ಹೋಗಿ ಕೊಡಿಸಿದ್ದರು. ಅದರಲ್ಲಿ ಒಂದು ನಮ್ಮಮ್ಮನದು. ಅಮ್ಮ ನಿವೃತ್ತ ಪ್ರೈಮರಿ ಸ್ಕೂಲ್ ಮೇಡಂ. ರಸ್ತೆಗೆಲ್ಲ ಟೀಚರಮ್ಮ. ಇನ್ನೊಂದು ಎದುರುಮನೆ ಕಮಲಮ್ಮನದು, ಮತ್ತೊಂದು ಸೈಟಿನ ವ್ಯಾಪಾರ ಮಾಡುವ ಗೋವಿಂದೇಗೌಡರದು. ನಾನು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವವಳು. ನನ್ನ ಫೋನನ್ನು ನಾನೇ ನೋಡಿ ಕೊಂಡುಕೊಂಡಿದ್ದೆ. ಇದಕ್ಕಾಗಿ ಮುನಿರಾಜಣ್ಣ ನನ್ನನ್ನು ಸ್ವಲ್ಪ ಕನಿಕರದಿಂದಲೇ ನೋಡುತ್ತಿದ್ದರು.

ಕೆಲವು ವರ್ಷ ಕಳೆಯಿತು. ಕಂಪನಿಯವರು ಆ ಮಾಡೆಲಿಗೆ ಅಪ್‌ಡೇಟ್ ಕಳಿಸುವುದನ್ನು ನಿಲ್ಲಿಸಿದರು. ಆರು ಫೋನೂ ಒಟ್ಟಿಗೆ ಮುದಿಯಾದವು. ಒತ್ತಿದ್ದಕ್ಕೆ ಉತ್ತರ ಬರುವಷ್ಟರಲ್ಲಿ ಯಾಕೆ ಒತ್ತಿದೆನೆಂಬುದೇ ಅಮ್ಮನಿಗೆ ಮರೆತುಹೋಗುತ್ತಿತ್ತು. ಹೊಸದು ಕೊಡಿಸುತ್ತೇನೆ ಎಂದೆ. ಅಷ್ಟರಲ್ಲಿ ಮುನಿರಾಜಣ್ಣ ರೂಟ್ ಮಾಡುವುದನ್ನು ಕಲಿತುಬಿಟ್ಟಿದ್ದರು.

ರೂಟ್ ಎಂದರೆ ಏನೆಂದು ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು ಅವರು ಕೊಟ್ಟ ಉಪನ್ಯಾಸವನ್ನು ಅಮ್ಮ ಮನೆಗೆ ಬಂದು ನನಗೆ ಒಪ್ಪಿಸಿದಳು. ನಾವು ಫೋನು ಕೊಂಡರೂ ಅದರ ಒಳಮನೆಗೆ ನಮ್ಮನ್ನು ಬಿಡುವುದಿಲ್ಲ, ಅದರ ಬೀಗದ ಕೈ ಕಂಪನಿಯ ಹತ್ತಿರವೇ ಇರುತ್ತದೆ. ಆ ಬೀಗ ಒಡೆದು ಯಜಮಾನಿಕೆಯನ್ನು ನಮ್ಮ ಕೈಗೆ ತೆಗೆದುಕೊಂಡರೆ ಬೇಡದ ಆಪುಗಳನ್ನೆಲ್ಲ ಕಿತ್ತೆಸೆಯಬಹುದು, ಜಾಹೀರಾತು ಬರದ ಹಾಗೆ ಮಾಡಬಹುದು, ಹಳೆಯ ಫೋನಿಗೆ ಹೊಸ ಆಂಡ್ರಾಯ್ಡ್ ಹಾಕಬಹುದು. "ದುಡ್ಡು ಕೊಟ್ಟಿರೋದು ನೀವು, ಒಳಗೆ ಯಜಮಾನ ಇನ್ಯಾವನೋ ಅಂದ್ರೆ ಏನರ್ಥ? ನೀವು ಏನ್ ತಿಂದ್ರಿ, ಎಲ್ಲಿಗೆ ಹೋದ್ರಿ ಅಂತ ಆ ಕಂಪನಿಯವನಿಗೆ ಯಾಕ್ರೀ ಗೊತ್ತಾಗ್ಬೇಕು?" ಎಂದು ಅವರು ಕೇಳಿದಾಗ ಗೌಡರು ಚಪ್ಪಾಳೆ ತಟ್ಟಿದರಂತೆ.

ಕಂಪನಿಯನ್ನು ಚೂರೂ ನಂಬದ ಈ ಮನುಷ್ಯ ನಂಬುತ್ತಿದ್ದದ್ದು ಯಾರನ್ನು? ಇಂಟರ್‌ನೆಟ್ಟಿನಲ್ಲಿ ಬೆಕ್ಕಿನ ಚಿತ್ರ ಹಾಕಿಕೊಂಡು, ಈ ಮಾಡೆಲಿಗೆ ಆಂಡ್ರಾಯ್ಡ್ ಮಾಡಿ ಪುಕ್ಕಟೆ ಹಂಚುತ್ತಿದ್ದ ಯಾವನೋ ಒಬ್ಬನನ್ನು. ಅವನ ಹೆಸರು ಗೊತ್ತಿಲ್ಲ, ದೇಶ ಗೊತ್ತಿಲ್ಲ, ಗಂಡೋ ಹೆಣ್ಣೋ ಅದೂ ಗೊತ್ತಿಲ್ಲ. ಅದರಲ್ಲಿ ಅವನು ಏನು ಸೇರಿಸಿದ್ದಾನೋ ಯಾರಿಗೆ ಗೊತ್ತು ಎಂದು ನಾನು ಕೇಳಿದರೆ ಮುನಿರಾಜಣ್ಣ ಸ್ವಂತ ಅಳಿಯನನ್ನು ಬೈದಷ್ಟು ನೊಂದುಕೊಂಡರು. "ಒಳ್ಳೆ ಹುಡುಗ ಕಣಮ್ಮ. ನಾನು ಡೌಟ್ ಕೇಳಿದ್ರೆ ಅರ್ಧ ಗಂಟೇಲಿ ಉತ್ರ ಹಾಕ್ತಾನೆ. ನಿನ್ನ ಕಂಪನಿಯವ್ರು ಹಾಕ್ತಾರಾ?"

ನನ್ನ ಕಂಪನಿಯವರು ನಿಜವಾಗಿಯೂ ಹಾಕುತ್ತಿರಲಿಲ್ಲ.

ಮೊದಲ ಬಲಿ ಗೌಡರ ಫೋನು. ಅರ್ಧ ಕೆಲಸದಲ್ಲಿ ಅದು ಕಂಪನಿಯ ಗುರುತು ತೋರಿಸಿಕೊಂಡು ನಿಂತದ್ದು ಮುಂದೆ ಹೋಗಲೇ ಇಲ್ಲ. ಗೌಡರು ಅದರಲ್ಲಿ ಊರಿನ ಸೈಟುಗಳ ಫೋಟೋಗಳೆಲ್ಲ ಇವೆ ಎಂದು ಮೂಲೆಮನೆಯ ಜಗುಲಿಯ ಮೇಲೆ ಆಸ್ಪತ್ರೆಯ ಹೊರಗೆ ಕೂತವರ ಹಾಗೆ ಕೂತರು. ಮುನಿರಾಜಣ್ಣ ನಡುನಡುವೆ ಹೊರಗೆ ಬಂದು ಜೀವ ಇದೆ, ಪ್ರಜ್ಞೆ ಬಂದಿಲ್ಲ ಎಂದು ವರದಿ ಕೊಡುತ್ತಿದ್ದರು. ಮಾರನೆಯ ದಿನ ಫೋನು ಎದ್ದಿತು, ಫೋಟೋಗಳು ಏಳಲಿಲ್ಲ. ಆದರೆ ಫೋನಿನ ವೇಗ ನೋಡಿ ಗೌಡರಿಗೆ ಸೈಟುಗಳೇ ಮರೆತುಹೋದವು. ಬ್ಯಾಂಕಿನ ಆಪು ಮಾತ್ರ ಈ ಫೋನು ಸುರಕ್ಷಿತವಲ್ಲ ಎಂದು ಹಟ ಹಿಡಿಯಿತು. ಅದಕ್ಕೂ ಮುನಿರಾಜಣ್ಣನ ಹತ್ತಿರ ಮದ್ದಿತ್ತು. ರೂಟ್ ಆಗಿರುವುದನ್ನು ಬ್ಯಾಂಕಿನಿಂದ ಮುಚ್ಚಿಡುವ ಇನ್ನೊಂದು ಆಪನ್ನು ಅದೇ ಬೆಕ್ಕಿನವನಿಂದ ತಂದು ಹಾಕಿದರು. ಯಾವುದಾದರೂ ಆಪು ಒಳಮನೆಯ ಅನುಮತಿ ಕೇಳಿ ತೊಂದರೆ ಕೊಟ್ಟೀತೆಂದು, ಕೇಳಿದವರಿಗೆಲ್ಲ ಕೊಟ್ಟುಬಿಡು ಎಂಬ ಆಜ್ಞೆಯನ್ನೂ ಮೊದಲೇ ಬರೆದಿಟ್ಟರು. ಬೀಗ ಒಡೆದು ಕಂಪನಿಯನ್ನು ಹೊರಗೆ ಹಾಕಿದ್ದರು, ಈಗ ಟಾರ್ಚು ಹಚ್ಚುವ ಆಪು ಕೂಡ ಅಡುಗೆಮನೆವರೆಗೆ ಬರಬಹುದಾಗಿತ್ತು.

ಗೌಡರ ಫೋನಿನ ಪಾಡು ಬೇರೆಯವರಿಗೆ ಬರಬಾರದೆಂದು ಮುನಿರಾಜಣ್ಣ ಒಂದು ಉಪಾಯ ಹೂಡಿದರು. ತಮ್ಮ ಫೋನನ್ನೇ ವಾರಗಟ್ಟಲೆ ಕೂತು ತಿದ್ದಿ ತೀಡಿ, ಅಕ್ಷರ ದೊಡ್ಡದು ಮಾಡಿ, ಪಂಚಾಂಗ, ಎಫ್‌ಎಂ, ಬಸ್ಸಿನ ವೇಳೆ ಎಲ್ಲ ಹಾಕಿ, ಕೊನೆಗೆ ಅದರ ಪೂರಾ ಒಂದು ಅಚ್ಚು ತೆಗೆದರು. ಆ ಅಚ್ಚನ್ನೇ ಉಳಿದ ಐದು ಫೋನಿಗೂ ಇಳಿಸಿದರು. ಒಂದೇ ಮಾಡೆಲಾದ್ದರಿಂದ ಎಲ್ಲವೂ ಅಚ್ಚುಕಟ್ಟಾಗಿ ಕೂತಿತು. ಅಮ್ಮನ ಸಂಭ್ರಮ ಹೇಳತೀರದು. ಫೋನಿಗೆ ಹಾಲು ಕುಡಿಸಿದ ಹಾಗಾಗಿದೆ ಎಂದಳು. ಹೊಸ ಫೋನಿನ ಮಾತೆತ್ತಿದರೆ ನನ್ನ ಫೋನಿನತ್ತ ನೋಡಿ ಮೂಗು ಮುರಿಯುತ್ತಿದ್ದಳು.

ಅಲ್ಲಿಂದ ರಸ್ತೆಯಲ್ಲಿ ಏನೋ ಬದಲಾಗತೊಡಗಿತು. ನಾನು ತಂದು ಇನ್ನೂ ಉಡದ ಸೀರೆಯ ಅಂಚಿನ ಬಣ್ಣ ಕಮಲಮ್ಮನಿಗೆ ಗೊತ್ತಿತ್ತು. ಅಮ್ಮನಿಗೆ ಗೌಡರ ಕೂದಲು ಸ್ವಂತ ಕಪ್ಪಲ್ಲ ಎಂಬುದು ಗೊತ್ತಾಗಿತ್ತು. ಬಣ್ಣ ಮೆತ್ತಿಕೊಂಡು ಕನ್ನಡಿಯ ಮುಂದೆ ನಿಂತದ್ದನ್ನು ಕಣ್ಣಾರೆ ನೋಡಿದವಳ ಹಾಗೆ ವರ್ಣಿಸುತ್ತಿದ್ದಳು. ಕಮಲಮ್ಮನ ಕೈರುಚಿಯ ಚಟ್ನಿಪುಡಿ ಅಂಗಡಿಯ ಪೊಟ್ಟಣದ್ದು ಎಂದು ಗೌಡರು ನನಗೆ ಗುಟ್ಟಾಗಿ ಹೇಳಿದರು. ಹೇಗೆ ಗೊತ್ತು ಎಂದರೆ ಎಲ್ಲರೂ ಒಂದೇ ಥರ ನಕ್ಕು ಸುಮ್ಮನಾಗುತ್ತಿದ್ದರು. ರಸ್ತೆಗೆ ರಸ್ತೆಯೇ ದಿವ್ಯದೃಷ್ಟಿ ಪಡೆದಂತಿತ್ತು. ಕುರುಡಿಯಾಗಿ ಉಳಿದವಳು ನಾನೊಬ್ಬಳೇ.

ಆಮೇಲೆ ದಾಳಿಂಬೆ ಶುರುವಾಯಿತು. ಕಮಲಮ್ಮ ಒಂದು ದಿನ ದಾಳಿಂಬೆ ತಂದುಕೊಟ್ಟು ಅಮ್ಮನ ಕೈಯನ್ನು ಒಮ್ಮೆ ಒತ್ತಿ ಹೋದರು. ಗೌಡರು ಡ್ರೈವರ್ ಕೈಯಲ್ಲಿ ಒಂದು ಬುಟ್ಟಿ ಕಳಿಸಿದರು. ವಾಕಿಂಗಿನ ಉಳಿದಿಬ್ಬರೂ ಬೇರೆ ಬೇರೆ ದಿನ, ಬೇರೆ ಬೇರೆ ನೆಪ ಹೇಳಿ, ದಾಳಿಂಬೆಯನ್ನೇ ತಂದರು. ಬಂದವರೆಲ್ಲ ನನ್ನ ಮುಖವನ್ನು ಒಂದು ಥರ ನೋಡಿ ಹೋಗುತ್ತಿದ್ದರು. ಫ್ರಿಜ್ಜಿನಲ್ಲಿ ಹಾಲಿಡಲು ಜಾಗವಿರಲಿಲ್ಲ. ಇದೇನು ಎಂದು ಕೇಳಿದರೆ, ಜನಕ್ಕೆ ಪ್ರೀತಿ ಹೆಚ್ಚಾದರೆ ನಾನೇನು ಮಾಡಲಿ ಎಂದು ಅಮ್ಮ ರೇಗಿದಳು.

ಒಂದು ಭಾನುವಾರ ಬೆಳಗ್ಗೆ ಮುನಿರಾಜಣ್ಣ ನಮ್ಮ ಗೇಟಿನ ಹತ್ತಿರ ಬಂದು ನಿಂತರು. ಒಳಗೆ ಬನ್ನಿ ಎಂದೆ.

"ಬೇಡ ಕಣಮ್ಮ. ಒಳಗೆ ಬಂದ್ರೆ ಟೀಚರಮ್ಮ ಕಾಫಿ ಕೊಡ್ತಾರೆ. ಕಾಫಿ ಕುಡಿದ್ಮೇಲೆ ನನ್ನ ಕೈಲಿ ಹೇಳಕ್ಕಾಗಲ್ಲ." ಮಲ್ಲಿಗೆ ಬಳ್ಳಿಯ ಮರೆಗೆ ಸರಿದು ತಮ್ಮ ಫೋನನ್ನು ನನ್ನ ಕೈಗಿಟ್ಟರು.

ಅದರಲ್ಲಿ ಒಂದು ಸ್ಕ್ಯಾನಿಂಗ್ ರಿಪೋರ್ಟಿನ ಫೋಟೋ ಇತ್ತು. ಮೇಲೆ ಅಮ್ಮನ ಹೆಸರು. ಎದೆಯಲ್ಲಿ ಗಡ್ಡೆ ಇದೆ, ತಡಮಾಡದೆ ಮುಂದಿನ ಪರೀಕ್ಷೆ ಮಾಡಿಸಬೇಕು ಎಂದು ಬರೆದಿತ್ತು. ತಾರೀಖು ಎರಡು ತಿಂಗಳ ಹಿಂದಿನದು. ರಿಪೋರ್ಟಿನ ಅಂಚಿನಲ್ಲಿ ಕಾಣುತ್ತಿದ್ದದ್ದು ನಮ್ಮ ಅಡುಗೆಮನೆಯ ಕಟ್ಟೆ. ಇದು ನಿಮ್ಮ ಫೋನಿಗೆ ಹೇಗೆ ಬಂತು ಎಂದು ಕೇಳಿದೆ.

ಅವರು ನೆಲ ನೋಡಿಕೊಂಡು ಹೇಳಿದರು. ಅಚ್ಚು ತೆಗೆಯುವಾಗ ತಮ್ಮ ಫೋಟೋಗಳನ್ನು ಅಳಿಸಿದ್ದರು, ತಮ್ಮ ಅಕೌಂಟನ್ನು ತೆಗೆಯಲು ಮರೆತಿದ್ದರು. ಆರು ಫೋನೂ ಅವರೊಬ್ಬರ ಅಕೌಂಟಿನಲ್ಲೇ ನಡೆಯುತ್ತಿದ್ದವು. ಯಾರು ಏನು ಫೋಟೋ ತೆಗೆದರೂ ಅದು ಆರೂ ಫೋನಿನಲ್ಲಿ ಮೂಡುತ್ತಿತ್ತು. ಮೊದಲ ವಾರವೇ ಕಮಲಮ್ಮನ ಪೊಟ್ಟಣ ಕಂಡಾಗ ಅವರಿಗೆ ವಿಷಯ ತಿಳಿದಿತ್ತು. ಹೇಳಿದರೆ ಹೆಸರು ಕೆಡುತ್ತದೆಂದು ಬಾಯಿಮುಚ್ಚಿಕೊಂಡಿದ್ದರು.

"ಬೇರೆಯವ್ರು ಯಾರೂ ನಿಮ್ಮನ್ನ ಕೇಳ್ಲಿಲ್ವಾ?"

"ಯಾಕ್ ಕೇಳ್ತಾರೆ? ಒಬ್ಬೊಬ್ರೂ ತಮಗೊಬ್ರಿಗೇ ಕಾಣ್ತೈತೆ ಅಂದ್ಕೊಂಡವ್ರೆ. ನಿಮ್ಮಮ್ಮನೂ ಹಂಗೇ ಅಂದ್ಕೊಂಡು ರಿಪೋರ್ಟ್ ಅದರಲ್ಲಿ ಇಟ್ಟವ್ರೆ. ಎಲ್ರಿಗೂ ಗೊತ್ತು ಕಣಮ್ಮ. ನಿಂಗೊಬ್ಳಿಗೇ ಗೊತ್ತಿಲ್ಲ." ಕಾಲರಿನ ಪಿನ್ನನ್ನು ತಿರುವುತ್ತ ಮತ್ತೆ ಹೇಳಿದರು. "ಬೇರೆ ಯಾರಾದ್ರೂ ನಿಂಗೆ ಹೇಳ್ತಾರೇನೋ ಅಂತ ಕಾದೆ. ಯಾರೂ ಹೇಳ್ಲಿಲ್ಲ. ಹೇಳಿದ್ರೆ ನನ್ನ ಮರ್ಯಾದೆ ಹೋಗುತ್ತೆ, ಹೇಳ್ದಿದ್ರೆ ಟೀಚರಮ್ಮನೇ ಹೋಗ್ಬಿಡ್ತಾರೆ. ಹೋಗ್ಲಿ, ಮರ್ಯಾದೆನೇ ಹೋಗ್ಲಿ ಅಂತ ಬಂದೆ."

ಅಮ್ಮನಿಗೆ ಹೆದರಿಕೆಯಾಗಿತ್ತು, ಅಷ್ಟೆ. ಹಬ್ಬ ಮುಗಿಯಲಿ, ಮಳೆ ನಿಲ್ಲಲಿ, ನನ್ನ ಆಫೀಸಿನ ಆಡಿಟ್ ಕಳೆಯಲಿ ಎಂದು ದಿನ ತಳ್ಳುತ್ತಿದ್ದಳು. ಕಾಗದವನ್ನು ಬೀರುವಿನಲ್ಲಿಟ್ಟರೆ ನನ್ನ ಕಣ್ಣಿಗೆ ಬೀಳುತ್ತದೆಂದು, ಫೋಟೋ ತೆಗೆದುಕೊಂಡು ಕಾಗದವನ್ನು ಹರಿದು ಹಾಕಿದ್ದಳು. ಬೀರುವಿಗಿಂತ ಮುನಿರಾಜಣ್ಣ ಮಾಡಿಕೊಟ್ಟ ಫೋನೇ ಭದ್ರ ಎಂದು ನಂಬಿದ್ದಳು. ನಾನು ಕೇಳಿದಾಗ ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅದೂ ನನ್ನ ಮೇಲಲ್ಲ. "ನನ್ನ ಕಾಯಿಲೆ ನಾನು ಹೇಳ್ಬೇಕಿತ್ತು. ನನ್ನ ಎದೆ ವಿಷ್ಯ ಪಾರ್ಕಲ್ಲಿ ಗೌಡ್ರು ಓದಿದಾರಲ್ಲೇ. ಇನ್ನು ಅವರ ಮುಖ ನೋಡಲ್ಲ ನಾನು" ಎಂದಳು. ಅವರ ಎಂದದ್ದು ಗೌಡರನ್ನಲ್ಲ, ಮುನಿರಾಜಣ್ಣನನ್ನು.

ಆ ವಾರವೇ ಪರೀಕ್ಷೆ, ಅದರ ಬೆನ್ನಿಗೆ ಆಪರೇಷನ್. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು. ಆಸ್ಪತ್ರೆಗೆ ಮುನಿರಾಜಣ್ಣ ಬಂದರು. ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ಅವರು ಹೊರಗಿನ ಬೆಂಚಿನ ಮೇಲೆ ಸುಮಾರು ಹೊತ್ತು ಕೂತಿದ್ದು ಎದ್ದು ಹೋದರು. ನನಗೆ ಆ ಮನುಷ್ಯನ ಕಾಲಿಗೆ ಬೀಳಬೇಕೋ ಕೆನ್ನೆಗೆ ಹೊಡೆಯಬೇಕೋ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ.

ಅಮ್ಮ ಮನೆಗೆ ಬಂದ ಮೇಲೆ ನಾನೇ ಪಾರ್ಕಿಗೆ ಹೋಗಿ ಎಲ್ಲರೆದುರು ವಿಷಯ ಹೇಳಿಬಿಟ್ಟೆ. ಒಬ್ಬರಾದರೂ ಟೀಚರಮ್ಮನಿಗೆ ಹೀಗಾಯಿತಲ್ಲ ಎಂದು ನಾಚಿಕೆಪಡುತ್ತಾರೆಂದು ಕಾದೆ. ನಾಚಿಕೆ ಆಯಿತು, ಸುಳ್ಳಲ್ಲ. ಒಬ್ಬೊಬ್ಬರಿಗೂ ತಮ್ಮತಮ್ಮ ಫೋಟೋಗಳನ್ನು ನೆನೆದು ಆಯಿತು. ಕಮಲಮ್ಮನ ಕೈ ಬಾಯಿಗೆ ಹೋಯಿತು, ಗೌಡರದು ತಲೆಗೆ. ಮರುಕ್ಷಣ ಎಲ್ಲರೂ ಬೆಂಚಿನ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂತು ಅಳಿಸುವುದಕ್ಕೆ ಶುರುಮಾಡಿದರು. ಒಂದರಲ್ಲಿ ಅಳಿಸಿದರೆ ಆರರಲ್ಲೂ ಅಳಿಯುತ್ತದೆ, ನಿಲ್ಲಿಸಿ ಎಂದು ಮುನಿರಾಜಣ್ಣ ಕೂಗಿಕೊಳ್ಳುತ್ತಿದ್ದರು. ಯಾರಿಗೂ ಕೇಳಿಸಲಿಲ್ಲ. ಗೌಡರು ಯಾವುದಕ್ಕೂ ಇರಲಿ ಎಂದು ಎಲ್ಲ ಫೋಟೋಗಳನ್ನೂ ಒಟ್ಟಿಗೆ ಗುರುತು ಹಾಕಿ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದರು. ಕಮಲಮ್ಮನ ಮೊಮ್ಮಗುವಿನ ನಾಮಕರಣ ಹೋಯಿತು, ಇನ್ಯಾರದೋ ಷಷ್ಟಿಪೂರ್ತಿ ಹೋಯಿತು, ಒಂದು ವರ್ಷದ ಎಲ್ಲರ ಬದುಕೂ ಆ ಬೆಂಚಿನ ಮೇಲೆ ಸಾಫಾಯಿತು.

ಆಗ ಎಲ್ಲರಿಗೂ ಮುನಿರಾಜಣ್ಣನ ಮೇಲೆ ಕೋಪ ಬಂತು. ಇಷ್ಟು ದಿನ ಒಬ್ಬರದನ್ನೊಬ್ಬರು ನೋಡಿದ್ದಕ್ಕಲ್ಲ, ಇನ್ನು ನೋಡಲು ಏನೂ ಉಳಿದಿಲ್ಲವಲ್ಲ ಎಂಬುದಕ್ಕೆ. ನಮ್ಮ ಖಾಸಗಿ ವಿಷಯಗಳಿಗೆ ಬೆಲೆ ಇಲ್ಲವೇ ಎಂದು ಕಮಲಮ್ಮ ಗುಡುಗಿದರು. ಅವರ ಬಾಯಲ್ಲಿ ಆ ಮಾತು ಕೇಳಿ ನನಗೆ ನಗು ತಡೆಯಲಾಗಲಿಲ್ಲ. ತಿಂಗಳು ತುಂಬುವುದರೊಳಗೆ ಎಲ್ಲರ ಕೈಯಲ್ಲೂ ಹೊಸ ಫೋನು ಬಂತು. ಹೊಸ ಆಪು ಕ್ಯಾಮೆರಾ ಬೇಕೆಂದು ಕೇಳುತ್ತದೆ, ಫೋಟೋ ಬೇಕೆಂದು ಕೇಳುತ್ತದೆ, ಎಲ್ಲಿದ್ದೀರಿ ಎಂದು ಕೇಳುತ್ತದೆ. ಕಮಲಮ್ಮ ಕನ್ನಡಕ ಹಾಕಿಕೊಳ್ಳುವ ಗೋಜಿಗೂ ಹೋಗದೆ ಎಲ್ಲದಕ್ಕೂ ಸರಿ ಒತ್ತುತ್ತಾರೆ.

ಅಮ್ಮ ಮಾತ್ರ ತನ್ನ ಹಳೆಯ ಫೋನನ್ನು ಬಿಡಲಿಲ್ಲ. ಮುನಿರಾಜಣ್ಣ ಅದನ್ನು ನನ್ನ ಕೈಯಲ್ಲಿ ತರಿಸಿಕೊಂಡು, ತಮ್ಮ ಅಕೌಂಟು ತೆಗೆದು, ಬೆಕ್ಕಿನವನ ಆಪುಗಳನ್ನೆಲ್ಲ ಕಿತ್ತು, ಯಾವುದಕ್ಕೂ ತಾನಾಗಿ ಅನುಮತಿ ಸಿಗದ ಹಾಗೆ ಮಾಡಿ ವಾಪಸ್ ಕೊಟ್ಟರು. ನನ್ನದನ್ನೂ ಹಾಗೇ ಮಾಡಿಕೊಂಡೆ, ಇನ್ನು ಯಾರದೂ ಯಾರಿಗೂ ಕಾಣುವುದಿಲ್ಲ ಎಂದರು. ಬ್ಯಾಂಕಿನ ಆಪು ಆ ಫೋನಿನಲ್ಲಿ ನಡೆಯುವುದಿಲ್ಲ, ದುಡ್ಡಿನ ವ್ಯವಹಾರ ನಿನ್ನ ಫೋನಿನಲ್ಲೇ ಮಾಡು ಎಂದು ನನಗೆ ಹೇಳಿದರು. ಅವರ ಬಾಯಿಂದ ಆ ಮಾತು ಬಂದದ್ದಕ್ಕೆ ನನಗೆ ಯಾಕೋ ಬೇಜಾರಾಯಿತು.

ಆಮೇಲೆ ಅವರನ್ನು ನಾನು ಕಂಡದ್ದೆಲ್ಲ ಪಾರ್ಕಿನಲ್ಲಿ, ದೂರದಿಂದ. ಬಳಗ ಬಲಕ್ಕೆ ಸುತ್ತಿದರೆ ಅವರು ಎಡಕ್ಕೆ ಸುತ್ತುವರು. ಪ್ರತಿ ಸುತ್ತಿನಲ್ಲೂ ಎದುರಾಗುತ್ತಿದ್ದರು. ಪ್ರತಿ ಸುತ್ತಿನಲ್ಲೂ ಕಮಲಮ್ಮನಿಗೆ ಸರಿಯಾಗಿ ಆಗಲೇ ಫೋನಿನಲ್ಲಿ ಏನೋ ತುರ್ತು ಬರುತ್ತಿತ್ತು. ಆಪರೇಷನ್ ಗಾಯ ಮಾಗಿದ ಮೇಲೆ ಅಮ್ಮನೂ ವಾಕಿಂಗಿಗೆ ಹೋಗತೊಡಗಿದಳು. ಮಾತಾಡಿಸಮ್ಮ ಎಂದು ನಾನು ಹೇಳುತ್ತಲೇ ಇದ್ದೆ. ನೋಡೋಣ ಎನ್ನುತ್ತಿದ್ದಳು. ನಡುವೆ ಮುನಿರಾಜಣ್ಣ ಸುತ್ತು ಕಡಿಮೆ ಮಾಡಿದರು, ಬೆಂಚಿನ ಮೇಲೆ ಕೂರುವುದು ಹೆಚ್ಚಾಯಿತು. ಒಂಟಿಯಾಗಿ ನಡೆಯುವುದಕ್ಕೆ ಬೇಸರವೇನೋ ಎಂದುಕೊಂಡೆವು.

ಹೋದ ಕಾರ್ತಿಕದಲ್ಲಿ, ಬೆಳಗಿನ ತಿಂಡಿಯ ಹೊತ್ತಿಗೆ, ಅವರು ಕೂತಲ್ಲೇ ಹೋಗಿಬಿಟ್ಟರು. ಮೂಲೆಮನೆಯ ಮುಂದೆ ರಸ್ತೆಯೆಲ್ಲ ಸೇರಿತು. ಅವರ ಮಗ ಅಳುತ್ತಳುತ್ತಲೇ ಹೇಳಿದ. ಹೃದಯದಲ್ಲಿ ತೊಂದರೆ ಇದೆ ಎಂದು ಡಾಕ್ಟರು ಹೇಳಿ ಅರ್ಧ ವರ್ಷವೇ ಆಗಿತ್ತಂತೆ. ಒಬ್ಬರೇ ಹೋಗಿ ತೋರಿಸಿಕೊಂಡು ಬಂದಿದ್ದರಂತೆ. ಆಪರೇಷನ್ ಮಾಡಿಸಿಕೊಳ್ಳಿ ಎಂದಿದ್ದನ್ನು ಮನೆಯವರಿಗೂ ಹೇಳಿರಲಿಲ್ಲವಂತೆ. ಅವತ್ತು ಬೆಳಗ್ಗೆ ಡಾಕ್ಟರಿಗೆ ಫೋನು ಮಾಡಿದ ಮೇಲೆಯೇ ಮಗನಿಗೂ ಗೊತ್ತಾದದ್ದು.

ಗೌಡರು ಕಮಲಮ್ಮನ ಮುಖ ನೋಡಿದರು. ಕಮಲಮ್ಮ ನಮ್ಮ ಮುಖ ನೋಡಿದರು. ಯಾರಿಗೂ ಗೊತ್ತಿರಲಿಲ್ಲ.

ಅಮ್ಮ ಜನರನ್ನು ಸರಿಸಿಕೊಂಡು ಒಳಗೆ ಹೋಗಿ ಅವರ ಕಾಲ ಹತ್ತಿರ ನಿಂತಳು. ಯಾರೋ ಕುರ್ಚಿ ಕೊಟ್ಟರು, ಕೂರಲಿಲ್ಲ. ಮನೆಗೆ ಬಂದ ಮೇಲೂ ಸ್ನಾನಕ್ಕೆ ಹೋಗದೆ ಹಿತ್ತಲ ಮೆಟ್ಟಿಲಿನ ಮೇಲೆ ಕೂತಿದ್ದಳು. ನಾನು ಪಕ್ಕದಲ್ಲಿ ಹೋಗಿ ಕೂತೆ.

"ದಿನಾ ಎದುರಿಗೆ ಬರೋರು ಕಣೆ ಸುಮಾ" ಎಂದಳು. "ನಾನು ಒಂದು ಮಾತು ಆಡ್ಸಿದ್ರೆ ಹೇಳ್ತಿದ್ರೇನೋ."